ಹಳದಿ ಬಣ್ಣದ ಯೀಸ್ಟ್ ಪ್ರೋಟೀನ್: ಹರಳು ಕಟ್ಟಬೇಕೆ, ಮಾದರಿ ಸಾಕೆ?

ಪ್ರಶ್ನೆ: ನಾನು ಪಿಎಚ್‌ಡಿ ಎರಡನೇ ವರ್ಷದ ವಿದ್ಯಾರ್ಥಿನಿ. ಬೇಕರ್ಸ್ ಯೀಸ್ಟ್‌ನ ಒಂದು ಪ್ರೋಟೀನ್ ಮೇಲೆ ಕೆಲಸ ಮಾಡುತ್ತಿದ್ದೇನೆ. 278 ಅಮಿನೋ ಆಮ್ಲ, ಸುಮಾರು 31 ಕಿಲೋಡಾಲ್ಟನ್. ಡೇಟಾಬೇಸ್ ತೆರೆದರೆ 'ಕೆಲಸ ಗೊತ್ತಿಲ್ಲ' ಎಂದಷ್ಟೇ ಇದೆ. ಇ. ಕೋಲೈಯಲ್ಲಿ ಚೆನ್ನಾಗಿ ಬರುತ್ತಿದೆ. ನಿಕಲ್ ಕಾಲಂ, ಜೆಲ್ ಫಿಲ್ಟ್ರೇಶನ್ ಎರಡೂ ಆದ ಮೇಲೆ ಜೆಲ್‌ನಲ್ಲಿ ಒಂದೇ ಪಟ್ಟಿ. ಸಾಂದ್ರ ಮಾಡಿದಾಗ ತಿಳಿ ಹಳದಿ ಕಾಣುತ್ತದೆ. ಸೀನಿಯರ್ ಒಬ್ಬರು 'ಕೊಳೆ ಇರಬೇಕು ಬಿಡು' ಅಂದರು. ಎಕ್ಸ್-ಕಿರಣದಿಂದ ರಚನೆ ನೋಡಲು ಬೇಕಾದ ಹರಳು ಮಾತ್ರ ಸರಿಯಾಗಿ ಬರುತ್ತಿಲ್ಲ, ಬರೀ ಸೂಜಿ ಗೊಂಚಲು. ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಲ್ಲೇ ಊಹಿಸುವ ಆಲ್ಫಾಫೋಲ್ಡ್ ಪ್ರೋಗ್ರಾಂ ಕೊಟ್ಟ ಮಾದರಿ ಹೇಗೂ ಇದೆಯಲ್ಲ, ಇಷ್ಟು ಕಷ್ಟ ಯಾಕೆ? ರಚನೆ ಬಿಡಿಸಿದರೆ ಪ್ರೋಟೀನಿನ ಕೆಲಸ ಏನೆಂದು ಗೊತ್ತಾಗುತ್ತದೆಯೇ?

ಉತ್ತರ:

ಮೊದಲು ಆ ಹಳದಿಯ ಮಾತು. ನಿಮ್ಮ ಪತ್ರದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು. ನಾನು ಓದುತ್ತಾ ಅಲ್ಲೇ ನಿಂತುಬಿಟ್ಟೆ.

ಬರೀ ಪ್ರೋಟೀನಿಗೆ ಬಣ್ಣ ಇರುವುದಿಲ್ಲ. ಅದು ಬೆಳಕು ಹೀರುವುದು 280 ನ್ಯಾನೋಮೀಟರ್ ಹತ್ತಿರ, ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಮಿಲಿಲೀಟರಿಗೆ ಹತ್ತು ಮಿಲಿಗ್ರಾಂ ಇದ್ದರೂ ದ್ರಾವಣ ನೀರಿನ ಹಾಗೆ ತಿಳಿಯಾಗಿ ಇರಬೇಕು. ಹಳದಿ ಕಂಡರೆ ಪ್ರೋಟೀನಿನ ಜೊತೆ ಇನ್ನೊಬ್ಬರು ಬಂದಿದ್ದಾರೆ ಎಂದೇ ಅರ್ಥ. ಕೊಳೆಯೇ ಆಗಿದ್ದರೆ ಜೆಲ್ ಫಿಲ್ಟ್ರೇಶನ್‌ನಲ್ಲಿ ಬಹುಪಾಲು ಬೇರೆಯಾಗಿ ಹೋಗಬೇಕಿತ್ತು. ಅಷ್ಟಾದರೂ ಬಣ್ಣ ಪ್ರೋಟೀನ್ ಇಳಿದ ಟ್ಯೂಬುಗಳಲ್ಲೇ ಇದೆ ಅಂದರೆ ಅದು ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಂಡು ಬಂದಿದೆ. ಕೆಲಸ ಗೊತ್ತಿಲ್ಲದ ಪ್ರೋಟೀನ್ ಇ. ಕೋಲೈಯ ಹೊಟ್ಟೆಯಲ್ಲಿರುವ ಸಾವಿರಾರು ಅಣುಗಳ ನಡುವೆ ಒಂದನ್ನೇ ಹುಡುಕಿ ಹಿಡಿದಿದೆ. ಇದಕ್ಕಿಂತ ಒಳ್ಳೆಯ ಸುಳಿವು ನಿಮಗೆ ಬೇರೆ ಯಾರು ಕೊಡುತ್ತಾರೆ?

ನಾಳೆಯೇ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 250ರಿಂದ 700 ನ್ಯಾನೋಮೀಟರ್‌ವರೆಗೆ ಪೂರ್ತಿ ಓಡಿಸಿ. 280ರಲ್ಲಿ ಒಂದು ಸಂಖ್ಯೆ ನೋಡಿ ಮುಚ್ಚಳ ಹಾಕುವುದು ನಮ್ಮೆಲ್ಲರ ಅಭ್ಯಾಸ, ಅಲ್ವಾ? ಈ ಸಲ ಬಲಗಡೆಯನ್ನೂ ನೋಡಿ. 375 ಮತ್ತು 450ರ ಹತ್ತಿರ ಎರಡು ಗುಡ್ಡ ಕಂಡರೆ ಫ್ಲೇವಿನ್, ಅಂದರೆ ವಿಟಮಿನ್ ಬಿ2ರಿಂದ ಬರುವ ಹಳದಿ ಸಹಾಯಕ ಅಣು, ಇರಬಹುದು. 410ರಿಂದ 430ರ ನಡುವೆ ಒಂದೇ ಅಗಲವಾದ ಗುಡ್ಡ ಇದ್ದರೆ ಪಿರಿಡಾಕ್ಸಲ್ ಫಾಸ್ಫೇಟ್, ಅಂದರೆ ವಿಟಮಿನ್ ಬಿ6ರ ದುಡಿಯುವ ರೂಪ, ಒಂದು ಲೈಸೀನಿಗೆ ಅಂಟಿ ಕೂತಿರುವ ಸಾಧ್ಯತೆ ಜಾಸ್ತಿ. ಕಂದು ಛಾಯೆ ಇದ್ದು ರೇಖೆ ಸುಮ್ನೆ ಇಳಿಜಾರಾಗಿ ಹೋಗುತ್ತಿದ್ದರೆ ಕಬ್ಬಿಣ-ಗಂಧಕದ ಗೊಂಚಲನ್ನು ಅನುಮಾನಿಸಿ.

ಅನುಮಾನವನ್ನು ಅಲ್ಲೇ ಪರೀಕ್ಷೆ ಮಾಡಬಹುದು. ಸ್ವಲ್ಪ ಪ್ರೋಟೀನನ್ನು ಬಿಸಿ ಮಾಡಿ ಗಟ್ಟಿಯಾಗಿಸಿ, ಸೆಂಟ್ರಿಫ್ಯೂಜ್ ಮಾಡಿ. ಹಳದಿ ಮೇಲಿನ ತಿಳಿಗೆ ಬಂದು, ಯುವಿ ದೀಪದ ಕೆಳಗೆ ಹಸಿರಾಗಿ ಹೊಳೆದರೆ ಫ್ಲೇವಿನ್. ಪಿರಿಡಾಕ್ಸಲ್ ಫಾಸ್ಫೇಟ್ ಅನುಮಾನ ಇದ್ದರೆ ಸೋಡಿಯಂ ಹೈಡ್ರಾಕ್ಸೈಡ್ 0.1 ಮೋಲಾರ್ ಆಗುವಷ್ಟು ಸೇರಿಸಿ. ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ, ಅಂಟಿಕೊಂಡದ್ದು ಬಿಡುಗಡೆಯಾಗಿ ಗುಡ್ಡ 388ರ ಹತ್ತಿರಕ್ಕೆ ಸರಿಯುತ್ತದೆ. ಅಲ್ಲಿ ಅದರ ಹೀರಿಕೆ ಗುಣಾಂಕ ಸುಮಾರು 6,600. ಇಷ್ಟು ಗೊತ್ತಿದ್ದರೆ ನೂರು ಪ್ರೋಟೀನ್ ಅಣುಗಳಲ್ಲಿ ಎಷ್ಟಕ್ಕೆ ಅದು ಅಂಟಿದೆ ಎಂದು ಲೆಕ್ಕ ಹಾಕಬಹುದು. ಈ ಲೆಕ್ಕ ಆಮೇಲೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಹಳದಿಯನ್ನು ಹಿಡಿದು ಇಷ್ಟು ಎಳೆಯುತ್ತಿರುವುದಕ್ಕೆ ಒಂದು ಹಳೆಯ ಕಥೆ ಕಾರಣ.

ಯೀಸ್ಟ್‌ನ ಪೂರ್ತಿ ಜೀನೋಮ್ ಓದಿ ಮುಗಿದಿದ್ದು 1996ರಲ್ಲಿ. ಕೋಶಕೇಂದ್ರ ಇರುವ ಜೀವಿಗಳಲ್ಲಿ ಅದೇ ಮೊದಲು. 16 ಕ್ರೋಮೋಸೋಮು, ಸುಮಾರು 1.2 ಕೋಟಿ ಅಕ್ಷರ, ಸುಮಾರು 6,000 ಜೀನು. ಬಹಳಷ್ಟು ಜೀನುಗಳು ಏನು ಮಾಡುತ್ತವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವುಗಳಲ್ಲಿ ಒಂದು ವೈಬಿಎಲ್036ಸಿ. ವೈ ಅಂದರೆ ಯೀಸ್ಟ್, ಬಿ ಅಂದರೆ ಎರಡನೇ ಕ್ರೋಮೋಸೋಮ್, ಎಲ್ ಅಂದರೆ ಅದರ ಎಡ ತೋಳು, 036 ಅಂದರೆ ಎರಡು ತೋಳು ಸೇರುವ ಸೆಂಟ್ರೋಮಿಯರಿನಿಂದ ಎಣಿಸಿದಾಗ ಮೂವತ್ತಾರನೆಯದು, ಸಿ ಅಂದರೆ ಎರಡು ಎಳೆಗಳಲ್ಲಿ ಕ್ರಿಕ್ ಎಳೆ. ಹೆಸರು ಅನ್ನುವುದಕ್ಕಿಂತ ಮನೆ ವಿಳಾಸ. ನಿಮ್ಮ ಪ್ರೋಟೀನಿಗೂ ಇಂಥದ್ದೇ ವಿಳಾಸ ಇರಬೇಕು.

ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದವರು ಇದನ್ನು ಆರಿಸಿಕೊಂಡಿದ್ದೇ ಅದರ ಬಗ್ಗೆ ಏನೂ ಗೊತ್ತಿಲ್ಲ ಎಂಬ ಕಾರಣಕ್ಕೆ. (ಇ. ಕೋಲೈಯಲ್ಲಿ ಪ್ರೋಟೀನನ್ನು ಹೇರಳವಾಗಿ ಮಾಡಿಸಲು ಬಹುಶಃ ನೀವೂ ಬಳಸುತ್ತಿರುವ ಟಿ7 ಪದ್ಧತಿ ಬೆಳೆದಿದ್ದು ಅದೇ ಪ್ರಯೋಗಾಲಯದಲ್ಲಿ.) 2003ರಲ್ಲಿ ಅವರ ಪ್ರಬಂಧ ಬಂತು. 2.0 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್) ಸ್ಪಷ್ಟತೆಯ ರಚನೆ. ಹೊಸ ಮಡಿಕೆ ಸಿಗುತ್ತದೆ ಎಂದು ಕಾದವರಿಗೆ ಸಿಕ್ಕಿದ್ದು ಎಲ್ಲರಿಗೂ ಗೊತ್ತಿದ್ದ ಟಿಮ್ ಬ್ಯಾರಲ್, ಅಂದರೆ ಪೀಪಾಯಿಯ ಆಕಾರ. ಆದರೆ ಆ ಪೀಪಾಯಿಯ ಬಾಯಲ್ಲಿ, ಯಾರೂ ಹಾಕದೆ ಇದ್ದ ಒಂದು ಪಿರಿಡಾಕ್ಸಲ್ ಫಾಸ್ಫೇಟ್ ಕೂತಿತ್ತು, ಪ್ರೋಟೀನಿಗೆ ಬಂಧ ಬೆಸೆದುಕೊಂಡು. ಮಡಿಕೆಯನ್ನು ಹಳೆಯ ರಚನೆಗಳ ಜೊತೆ ಹೋಲಿಸಿದರೆ ಅಲನೀನ್ ರಾಸಿಮೇಸ್ ಎಂಬ ಕಿಣ್ವದ ಮೊದಲ ಭಾಗಕ್ಕೆ ಹತ್ತಿರ. ಸರಿ, ಅಮಿನೋ ಆಮ್ಲಗಳನ್ನು ಎಡಗೈಯಿಂದ ಬಲಗೈಗೆ ತಿರುಗಿಸುವ ಕೆಲಸ ಇರಬಹುದು ಎಂದು ಪರೀಕ್ಷಿಸಿದರು, ಅಂಥ ಚಟುವಟಿಕೆ ಕಂಡಿತು ಎಂದೂ ಬರೆದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಇದೇ ಕುಟುಂಬದ ಇ. ಕೋಲೈ ಪ್ರೋಟೀನಿನಲ್ಲಿ ಆಮೇಲೆ ಹುಡುಕಿದವರಿಗೆ ರಾಸಿಮೇಸ್ ಚಟುವಟಿಕೆ ಸಿಗಲಿಲ್ಲ. 2016ರಲ್ಲಿ ಸುದ್ದಿ ಬೇರೆ ದಿಕ್ಕಿನಿಂದ ಬಂತು. ಬಿ6 ಕೊಟ್ಟರೆ ಮಾತ್ರ ತಗ್ಗುವ ಒಂದು ಬಗೆಯ ಮೂರ್ಛೆರೋಗ ಇರುವ ಮಕ್ಕಳಲ್ಲಿ, ಇದೇ ಕುಟುಂಬದ ಮನುಷ್ಯ ಜೀನು ಕೆಟ್ಟಿರುವುದು ಕಂಡಿತು. ಈ ಪ್ರೋಟೀನು ಕೋಶದೊಳಗೆ ಪಿರಿಡಾಕ್ಸಲ್ ಫಾಸ್ಫೇಟನ್ನು ಹದವಾಗಿ ಕಾಪಾಡುವ ಕೆಲಸದಲ್ಲಿದೆ ಎಂದು ಈಗ ತಿಳಿಯಲಾಗಿದೆ. ಪಿರಿಡಾಕ್ಸಲ್ ಫಾಸ್ಫೇಟ್ ಒಂದು ತುಂಟ ಅಣು. ಬಿಡಿಯಾಗಿ ಓಡಾಡಲು ಬಿಟ್ಟರೆ ಕಂಡಕಂಡ ಅಮೈನುಗಳಿಗೆ ಅಂಟಿಕೊಳ್ಳುತ್ತದೆ.

ನೋಡಿ, ರಚನೆ ಹೇಳಿದ್ದರಲ್ಲಿ ಯಾವುದು ನಿಂತಿತು, ಯಾವುದು ಬಿತ್ತು ಎಂದು. ಹೋಲಿಕೆಯಿಂದ ಊಹಿಸಿದ ಕೆಲಸ ಅಲ್ಲಾಡಿತು. ಹರಳಿನೊಳಗೆ ಕಣ್ಣಾರೆ ಕಂಡ ಆ ಸಣ್ಣ ಅಣು ಮಾತ್ರ ಹದಿಮೂರು ವರ್ಷದ ನಂತರವೂ ಸರಿಯಾದ ಬಾಗಿಲನ್ನೇ ತೋರಿಸುತ್ತಿತ್ತು. ಹರಳು ಕಟ್ಟುವ ಕಷ್ಟ ಯಾಕೆ ಎಂದು ಕೇಳಿದಿರಲ್ಲ, ನನ್ನ ಉತ್ತರ ಇದೇ. ಪ್ರೋಟೀನಿನ ಆಕಾರ ಆಲ್ಫಾಫೋಲ್ಡ್ ಕೊಡುತ್ತದೆ. ಪ್ರೋಟೀನು ತನ್ನ ಜೊತೆ ಏನನ್ನು ಹಿಡಿದುಕೊಂಡು ಬಂದಿದೆ ಎನ್ನುವುದು ಹರಳಿನಲ್ಲೇ ಕಾಣಬೇಕು.

ಆಲ್ಫಾಫೋಲ್ಡನ್ನು ಹಳಿಯುತ್ತಿದ್ದೇನೆ ಅಂದುಕೊಳ್ಳಬೇಡಿ. 2021ರಲ್ಲಿ ಬಂದ ಅದರ ಡೇಟಾಬೇಸ್‌ನಲ್ಲಿ ಯೀಸ್ಟ್‌ನ ಪ್ರೋಟೀನುಗಳೂ ಇದ್ದವು. ಅಲ್ಲಿಂದ ನಮ್ಮ ಕೆಲಸ ಎಷ್ಟು ಹಗುರವಾಗಿದೆ ಎಂದರೆ, ಹಳಬರು ಕೇಳಿದರೆ ಹೊಟ್ಟೆ ಉರಿದುಕೊಳ್ಳುತ್ತಾರೆ. ಆದರೆ ಡೇಟಾಬೇಸ್‌ನಲ್ಲಿರುವ ಆ ಮಾದರಿ ಬರೀ ಅಮಿನೋ ಆಮ್ಲಗಳ ಸರಪಳಿ. ಅದರಲ್ಲಿ ಲೋಹ ಇಲ್ಲ, ಫ್ಲೇವಿನ್ ಇಲ್ಲ, ನೀರೂ ಇಲ್ಲ. ಹೊಸ ಆವೃತ್ತಿಗೆ ಇಂಥ ಅಣುವನ್ನು ಕೂರಿಸು ಎಂದರೆ ಕೂರಿಸುತ್ತದೆ ನಿಜ. ಯಾವ ಅಣು ಎಂದು ಮೊದಲು ನೀವು ಹೇಳಬೇಕಲ್ಲ.

ಈಗ ನಿಮ್ಮ ಸೂಜಿಗಳ ವಿಷಯ. ಮೇಲೆ ಹೇಳಿದ ಲೆಕ್ಕ ಇಲ್ಲಿ ಬೇಕು. ಟಿ7ನಲ್ಲಿ ಪ್ರೋಟೀನನ್ನು ಒಂದೇ ಸಮನೆ ಮಾಡಿಸುವಾಗ ಪಾಪ ಇ. ಕೋಲೈ ಅಷ್ಟಕ್ಕೂ ಸಾಲುವಷ್ಟು ಸಹಾಯಕ ಅಣು ಒದಗಿಸಲಾರದು. ಹಾಗಾಗಿ ನಿಮ್ಮ ಟ್ಯೂಬಿನಲ್ಲಿ ಅರ್ಧ ಅಣುಗಳ ಜೇಬು ತುಂಬಿದೆ, ಅರ್ಧದ್ದು ಖಾಲಿ ಎಂಬ ಪರಿಸ್ಥಿತಿ ಇರಬಹುದು. ಜೆಲ್ ಮೇಲೆ ಎರಡೂ ಒಂದೇ ಪಟ್ಟಿ. ಹರಳಿಗೆ ಮಾತ್ರ ಎರಡೂ ಬೇರೆ ಬೇರೆ. ಒಂದೇ ಆಕಾರದ ಇಟ್ಟಿಗೆ ಇದ್ದರೆ ಗೋಡೆ ನೆಟ್ಟಗೆ ಏಳುತ್ತದೆ. ಎರಡು ಆಕಾರ ಬೆರೆತರೆ ಒಂದು ದಿಕ್ಕಿಗಷ್ಟೇ ಬೆಳೆದು ಸೂಜಿಯಾಗುವುದು ಅಪರೂಪವೇನಲ್ಲ. ಫ್ಲೇವಿನ್ ಆದರೆ ಬೆಳೆಸುವ ಮಾಧ್ಯಮಕ್ಕೆ ರೈಬೋಫ್ಲೇವಿನ್ ಸೇರಿಸಿ. ಬಿ6 ಆದರೆ ಪಿರಿಡಾಕ್ಸಿನ್ ಸೇರಿಸಿ, ಶುದ್ಧ ಮಾಡುವ ಬಫರಿನಲ್ಲೂ 0.1 ಮಿಲಿಮೋಲಾರ್ ಪಿರಿಡಾಕ್ಸಲ್ ಫಾಸ್ಫೇಟ್ ಇಡಿ. ಆಗ ಟ್ರಿಸ್ ಬಫರ್ ಬೇಡ. ಟ್ರಿಸ್‌ನಲ್ಲೂ ಅಮೈನ್ ಇದೆ, ಆ ತುಂಟ ಅಣು ಅದಕ್ಕೇ ಅಂಟಿಕೊಳ್ಳುತ್ತದೆ. ಹೆಪಿಸ್ ಬಳಸಿ. ಕೊನೆಯಲ್ಲಿ ಇನ್ನೊಮ್ಮೆ ಜೆಲ್ ಫಿಲ್ಟ್ರೇಶನ್ ಮಾಡಿ ಹೆಚ್ಚಾದದ್ದನ್ನು ತೆಗೆದುಬಿಡಿ. ಇಲ್ಲವಾದರೆ ಮೈಮೇಲಿನ ಲೈಸೀನುಗಳಿಗೆಲ್ಲ ಅಂಟಿ ಇನ್ನೊಂದು ರಗಳೆ.

ಎರಡನೆಯದು ಬಾಲ. ಆಲ್ಫಾಫೋಲ್ಡ್ ಮಾದರಿಯಲ್ಲಿ ಪ್ರತಿ ಅಮಿನೋ ಆಮ್ಲಕ್ಕೂ ವಿಶ್ವಾಸದ ಅಂಕ ಇರುತ್ತದೆ. ತುದಿಯಲ್ಲಿ 50ಕ್ಕಿಂತ ಕಡಿಮೆ ಅಂಕದ ಹತ್ತಿಪ್ಪತ್ತು ಅಮಿನೋ ಆಮ್ಲ ನೂಲಿನ ಹಾಗೆ ನೇತಾಡುತ್ತಿದ್ದರೆ ಅದನ್ನು ಕತ್ತರಿಸಿ ಹೊಸದಾಗಿ ಕ್ಲೋನ್ ಮಾಡಿ. ನಿಕಲ್ ಕಾಲಂಗೆ ಅಂಟಲೆಂದು ಸೇರಿಸಿದ ಹಿಸ್ಟಿಡೀನ್ ಬಾಲವನ್ನೂ ಟೆವ್ ಪ್ರೋಟಿಯೇಸ್ ಎಂಬ ಕತ್ತರಿಸುವ ಕಿಣ್ವದಿಂದ ತೆಗೆಯಿರಿ. ಅಲ್ಲಾಡುವ ಬಾಲ ಹರಳಿನ ಶತ್ರು.

ಇಷ್ಟಾದ ಮೇಲೆ ಈಗಿರುವ ಸೂಜಿಗಳನ್ನು ಎಸೆಯಬೇಡಿ. ಪುಡಿ ಮಾಡಿ ಬೀಜವಾಗಿ ಹೊಸ ಹನಿಗಳಿಗೆ ಹಾಕಿ. ಅದೇ ದ್ರಾವಣಕ್ಕಷ್ಟೇ ಅಲ್ಲ, 96 ಗುಂಡಿಯ ಪೂರ್ತಿ ತಟ್ಟೆಗೆ ಹಾಕಿ ನೋಡಿ. ಹರಳಿನ ಹುಟ್ಟಿಗೆ ಬೇಕಾದ ಪರಿಸ್ಥಿತಿ ಬೇರೆ, ಬೆಳವಣಿಗೆಗೆ ಬೇಕಾದದ್ದು ಬೇರೆ. ಬೀಜ ಹಾಕಿದರೆ ಹುಟ್ಟುವ ಕಷ್ಟ ತಪ್ಪುತ್ತದೆ. ನನ್ನ ಅನುಭವದಲ್ಲಿ ಸೂಜಿಯಿಂದ ದಪ್ಪ ಹರಳಿಗೆ ದಾಟಿಸಿದ್ದು ಹೆಚ್ಚಾಗಿ ಇದೇ ಉಪಾಯ, ದುಬಾರಿ ಕಿಟ್‌ಗಳಲ್ಲ.

ಒಳ್ಳೆಯ ಹರಳು ಬಂದ ದಿನ ಕುಣಿಯುವ ಮುಂಚೆ ಅದು ಉಪ್ಪಿನದೋ ಪ್ರೋಟೀನಿನದೋ ನೋಡಿಕೊಳ್ಳಿ. ಪ್ರೋಟೀನ್ ಹರಳಿನಲ್ಲಿ ಸುಮಾರು ಅರ್ಧದಷ್ಟು ದ್ರಾವಣವೇ ಇರುತ್ತದೆ. ಸೂಜಿಮೊನೆಯಿಂದ ಒತ್ತಿದರೆ ಮೆತ್ತಗೆ ಪುಡಿಯಾಗುತ್ತದೆ. ಉಪ್ಪಾದರೆ ಟಕ್ ಎಂದು ಒಡೆಯುತ್ತದೆ. ಎಕ್ಸ್-ಕಿರಣದಲ್ಲೂ ಗೊತ್ತಾಗುತ್ತದೆ: ಉಪ್ಪಿನ ಚುಕ್ಕೆಗಳು ದೂರದೂರ, ಕೆಲವೇ ಕೆಲವು. ಪ್ರೋಟೀನಿನವು ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ನಿಮ್ಮದು ಹಳದಿ ಪ್ರೋಟೀನ್ ಆದ್ದರಿಂದ ಇನ್ನೂ ಸುಲಭ. ಹರಳು ಹಳದಿ ಇದೆಯೇ ನೋಡಿ.

ಇನ್ನೊಂದು ಎಚ್ಚರಿಕೆ, ಇದು ನಾನೇ ಪೆಟ್ಟು ತಿಂದು ಕಲಿತದ್ದು. ಒಮ್ಮೆ ತುಂಬ ಚೆಂದದ ಹರಳು ಬಂದಿತ್ತು. ಡೇಟಾ ಕೂಡ ಚೆನ್ನಾಗಿತ್ತು. ಮೂರು ತಿಂಗಳು ಗುದ್ದಾಡಿದರೂ ರಚನೆ ಬಿಡಿಸಲಾಗಲಿಲ್ಲ. ಕೊನೆಗೆ ನೋಡಿದರೆ ಅದು ನಮ್ಮ ಪ್ರೋಟೀನೇ ಅಲ್ಲ, ನಿಕಲ್ ಕಾಲಂಗೆ ಅಂಟಿ ಜೊತೆಗೆ ಬಂದ ಇ. ಕೋಲೈಯ ಪ್ರೋಟೀನು! ಜೆಲ್‌ನಲ್ಲಿ ಕಾಣದಷ್ಟು ಕಡಿಮೆ ಇದ್ದರೂ ಹರಳು ಕಟ್ಟುವ ಚಪಲ ಅದಕ್ಕೇ ಜಾಸ್ತಿ ಇತ್ತು. ಅಂದಿನಿಂದ ಹೊಸ ಹರಳಿನ ಯೂನಿಟ್ ಸೆಲ್, ಅಂದರೆ ಹರಳಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಪೆಟ್ಟಿಗೆಯ, ಅಳತೆ ಸಿಕ್ಕ ಕೂಡಲೇ ಮೊದಲು ಪ್ರೋಟೀನ್ ರಚನೆಗಳ ಡೇಟಾ ಬ್ಯಾಂಕಿನಲ್ಲಿ ಅದೇ ಅಳತೆಯದು ಇದೆಯೇ ಎಂದು ಹುಡುಕುತ್ತೇನೆ. ಐದು ನಿಮಿಷದ ಕೆಲಸ.

ಡೇಟಾ ತೆಗೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹರಳನ್ನು ಗ್ಲಿಸರಾಲ್ ಅಥವಾ ಎಥಿಲೀನ್ ಗ್ಲೈಕಾಲ್ ಬೆರೆಸಿದ ದ್ರಾವಣದಲ್ಲಿ ಅದ್ದಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಪ್ರಬಲ ಎಕ್ಸ್-ಕಿರಣ ಕೊಡುವ ಸಿಂಕ್ರೊಟ್ರಾನಿಗೆ ಕಳಿಸುತ್ತೀರಿ. 100 ಕೆಲ್ವಿನ್‌ನಲ್ಲಿಟ್ಟು ತಿರುಗಿಸುತ್ತಾ ಚಿತ್ರ ತೆಗೆಯುತ್ತಾರೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ತಿಂಗಳುಗಳು ಹಿಡಿಯುವುದು ಅದಕ್ಕೆ ಮುಂಚಿನ ಕೆಲಸ.

ಆದರೆ ಫೇಸ್ ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಡಿಟೆಕ್ಟರ್ ಹೇಳುವುದು ಪ್ರತಿ ಅಲೆ ಎಷ್ಟು ಎತ್ತರ ಎಂದು. ಅದರ ಏರು ಇಳಿತ ಎಲ್ಲಿ ಶುರುವಾಯಿತು ಎಂದು, ಅಂದರೆ ಅದರ ಫೇಸ್, ಹೇಳುವುದಿಲ್ಲ. ಎರಡೂ ಇಲ್ಲದೆ ಅಣುವಿನ ನಕ್ಷೆ ಮೂಡುವುದಿಲ್ಲ. 1953ರಲ್ಲಿ ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್ ಹರಳಿಗೆ ಪಾದರಸದ ಪರಮಾಣು ಅಂಟಿಸಿ ಇದಕ್ಕೆ ದಾರಿ ಮಾಡಿದರು. ಆಮೇಲೆ ಮೆಥಿಯೋನೀನ್ ಬದಲು ಸೆಲೆನಿಯಂ ಇರುವ ಸೆಲೆನೋಮೆಥಿಯೋನೀನ್ ಹಾಕಿ ಪ್ರೋಟೀನ್ ಮಾಡಿಸುವ ಪದ್ಧತಿ ಬಂತು. ಮೇಲಿನ ವೈಬಿಎಲ್036ಸಿಯನ್ನು ಭಾರ ಪರಮಾಣುಗಳಿಂದ ಒಮ್ಮೆ, ಹಲವು ತರಂಗಾಂತರದ ಡೇಟಾದಿಂದ ಇನ್ನೊಮ್ಮೆ, ಬೇರೆ ಬೇರೆಯಾಗಿಯೇ ಬಿಡಿಸಿದ್ದರು. ನೀವು ಅಷ್ಟೆಲ್ಲ ಮಾಡಬೇಕಿಲ್ಲ. ಆಲ್ಫಾಫೋಲ್ಡ್ ಮಾದರಿಯಲ್ಲಿ 70ಕ್ಕಿಂತ ಕಡಿಮೆ ಅಂಕದ ಭಾಗ ಕತ್ತರಿಸಿ, ಉಳಿದದ್ದನ್ನು ಮಾಲಿಕ್ಯುಲರ್ ರೀಪ್ಲೇಸ್‌ಮೆಂಟ್‌ಗೆ, ಅಂದರೆ ಮಾದರಿಯಿಂದಲೇ ಫೇಸ್ ಪಡೆಯುವ ವಿಧಾನಕ್ಕೆ, ಕೊಟ್ಟರೆ ಬಹಳ ಸಲ ಕೆಲಸ ಆಗಿಬಿಡುತ್ತದೆ.

ಇದರಲ್ಲಿ ಒಂದು ಮೋಸ ಇದೆ. ಮಾದರಿಯಿಂದ ಫೇಸ್ ಸಾಲ ತಂದರೆ ನಕ್ಷೆಯೂ ಮಾದರಿಯ ಹಾಗೇ ಕಾಣಲು ನೋಡುತ್ತದೆ. ಕನ್ನಡಿಯಲ್ಲಿ ನಮ್ಮ ಮುಖವನ್ನೇ ನೋಡಿ 'ಅಲ್ಲಿ ಯಾರೋ ಇದ್ದಾರೆ' ಎಂದ ಹಾಗೆ. ಆದರೆ ಇದೇ ಮೋಸ ನಿಮ್ಮ ವಿಷಯದಲ್ಲಿ ವರವಾಗುತ್ತದೆ. ನೀವು ಹಾಕಿದ ಮಾದರಿಯಲ್ಲಿ ಹಳದಿ ಅಣು ಇರಲೇ ಇಲ್ಲ. ಹಾಗಿದ್ದೂ ಡೇಟಾಗೂ ಮಾದರಿಗೂ ಇರುವ ವ್ಯತ್ಯಾಸದ ನಕ್ಷೆಯಲ್ಲಿ, ಪ್ರೋಟೀನಿನ ಜೇಬಿನೊಳಗೆ, ಮಾದರಿಯಲ್ಲಿ ಇಲ್ಲದ್ದನ್ನು ತೋರಿಸುವ ಹಸಿರು ಗುಡ್ಡೆಯೊಂದು 3 ಸಿಗ್ಮಾ (ನಕ್ಷೆಯ ಸಾಮಾನ್ಯ ಏರಿಳಿತದ ಮೂರು ಪಟ್ಟು) ದಾಟಿ ಎದ್ದು ನಿಂತರೆ ಅದು ಮಾದರಿಯ ನೆರಳಾಗಲು ಸಾಧ್ಯವಿಲ್ಲ. ಅದು ಹರಳೇ ಹೇಳುತ್ತಿರುವ ಮಾತು.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಆ ಗುಡ್ಡೆಗೆ ಅವಸರದಲ್ಲಿ ನೀರು ತುಂಬಬೇಡಿ. ಮಾದರಿಯನ್ನು ಡೇಟಾಗೆ ಹೊಂದಿಸುವ ರಿಫೈನ್‌ಮೆಂಟ್ ಪ್ರೋಗ್ರಾಂಗಳಲ್ಲಿ ನೀರಿನ ಅಣುಗಳನ್ನು ತಾನಾಗಿ ಸೇರಿಸುವ ಆಯ್ಕೆ ಇದೆ. ಹೊಸಬರು ಮೊದಲ ಸುತ್ತಿನಲ್ಲೇ ಅದನ್ನು ಒತ್ತುತ್ತಾರೆ. ಅದಕ್ಕೆ ಗುಡ್ಡೆ ಕಂಡಲ್ಲೆಲ್ಲ ನೀರು ಹಾಕುವುದಷ್ಟೇ ಗೊತ್ತು. ನಾಲ್ಕು ನೀರು ಹಾಕಿ ಸುಳಿವನ್ನೇ ಮುಳುಗಿಸಿಬಿಡುತ್ತದೆ. ಮೊದಲು ಸರಪಳಿ ಪೂರ್ತಿ ಕಟ್ಟಿ, ಸರಪಳಿಯ ತಿರುವುಗಳು ಸರಿಯಿವೆಯೇ ಎಂದು ತೋರಿಸುವ ರಾಮಚಂದ್ರನ್ ನಕ್ಷೆ ನೋಡಿ ತಪ್ಪು ತಿದ್ದಿ, ಆರ್-ಫ್ರೀ (ಬದಿಗಿಟ್ಟ ಡೇಟಾಗೆ ಮಾದರಿ ಎಷ್ಟು ತಾಳೆಯಾಗುವುದಿಲ್ಲ ಎನ್ನುವ ಅಂಕ) ಇಳಿಸಿ. ಆಮೇಲೆ ಉಳಿದ ಗುಡ್ಡೆಗಳ ಮುಂದೆ ನಿಧಾನವಾಗಿ ಕೂತುಕೊಳ್ಳಿ.

ಗುಡ್ಡೆಯ ಆಕಾರ ನೋಡಿ. ಚಪ್ಪಟೆಯಾಗಿ, ಉದ್ದಕ್ಕೆ ಮೂರು ಉಂಗುರ ಸೇರಿದ ಹಾಗಿದ್ದರೆ ಫ್ಲೇವಿನ್. ಒಂದೇ ಚಪ್ಪಟೆ ಉಂಗುರ, ಅದರ ಒಂದು ಕಡೆ ದುಂಡಗಿನ ಫಾಸ್ಫೇಟ್ ಉಂಡೆ, ಇನ್ನೊಂದು ಕಡೆ ಲೈಸೀನಿನ ತುದಿಗೆ ಬಿಡುವಿಲ್ಲದೆ ಸೇರಿದ ಸೇತುವೆ ಇದ್ದರೆ ಪಿರಿಡಾಕ್ಸಲ್ ಫಾಸ್ಫೇಟ್. ಒಂಟಿ ಉಂಡೆಯಾದರೆ ಸುತ್ತಲಿನ ದೂರ ಅಳೆಯಿರಿ. ನೀರು ಹೈಡ್ರೋಜನ್ ಬಂಧದಲ್ಲಿ ಸುಮಾರು 2.8 ಆಂಗ್‌ಸ್ಟ್ರಾಮ್ ದೂರದಲ್ಲಿರುತ್ತದೆ. ಆರು ಆಮ್ಲಜನಕಗಳು 2.1ರ ಹತ್ತಿರಕ್ಕೆ ಬಂದು ಸುತ್ತುವರಿದಿದ್ದರೆ ಅದು ನೀರಲ್ಲ, ಮೆಗ್ನೀಸಿಯಂ. ನೀವೇ ಹಾಕಿದ ವಸ್ತುಗಳನ್ನೂ ಮರೆಯಬೇಡಿ. ಗ್ಲಿಸರಾಲ್, ಸಲ್ಫೇಟ್, ಪಾಲಿಎಥಿಲೀನ್ ಗ್ಲೈಕಾಲ್ ತುಂಡು, ಇವೆಲ್ಲ ಖಾಲಿ ಜೇಬು ಕಂಡರೆ ಹೋಗಿ ಕೂತುಬಿಡುತ್ತವೆ. ಅದರಲ್ಲೂ ಒಂದು ಸೂಕ್ಷ್ಮ ಇದೆ: ಸಲ್ಫೇಟ್ ಕೂತ ಜಾಗ ಎಷ್ಟೋ ಸಲ ನಿಜವಾದ ಅತಿಥಿಯ ಫಾಸ್ಫೇಟಿಗೆ ಮೀಸಲಾದದ್ದು.

ಕಣ್ಣಿಗೆ ಕಂಡದ್ದು ಸ್ಪೆಕ್ಟ್ರಮ್ ಹೇಳಿದ್ದಕ್ಕೆ ತಾಳೆಯಾಗಬೇಕು, ಎರಡೂ ಮಾಸ್ ಸ್ಪೆಕ್ಟ್ರೋಮೀಟರಿನ ತೂಕಕ್ಕೆ ತಾಳೆಯಾಗಬೇಕು. ಮೂರೂ ಒಂದೇ ಹೇಳಿದರೆ ಬರೆಯಿರಿ. ಬರೀ ಗುಡ್ಡೆ ನೋಡಿ ಬರೆಯಬೇಡಿ.

ಕೊನೆಯ ಪ್ರಶ್ನೆ, ಕೆಲಸ ಗೊತ್ತಾಗುತ್ತದೆಯೇ. ರಚನೆ ಕೈಗೆ ಬಂದ ದಿನ ಡಾಲಿ ಅಥವಾ ಫೋಲ್ಡ್‌ಸೀಕ್‌ನಲ್ಲಿ ಹೋಲಿಕೆ ಹುಡುಕುತ್ತೀರಿ. ಯಾವುದೋ ಕಿಣ್ವದ ಹೆಸರು ಮೇಲೆ ಬರುತ್ತದೆ. ಆ ಹೆಸರನ್ನು ತಕ್ಷಣ ನಿಮ್ಮ ಪ್ರೋಟೀನಿಗೆ ಇಡಬೇಡಿ. ಟಿಮ್ ಬ್ಯಾರಲ್ ಒಂದೇ ಆಕಾರದಲ್ಲಿ ಹತ್ತಾರು ಬೇರೆ ಬೇರೆ ಕೆಲಸ ಮಾಡುತ್ತದೆ. ಬದಲಿಗೆ ಜೇಬಿನ ಗೋಡೆಯ ಅಮಿನೋ ಆಮ್ಲಗಳನ್ನು ಪಟ್ಟಿ ಮಾಡಿ, ಬೇರೆ ಜೀವಿಗಳ ಸೋದರ ಪ್ರೋಟೀನುಗಳಲ್ಲಿ ಅವು ಬದಲಾಗದೆ ಉಳಿದಿವೆಯೇ ನೋಡಿ. ಉಳಿದಿದ್ದರೆ ಆ ಜೇಬು ಕೋಶಕ್ಕೆ ಬೇಕಾದದ್ದು. ಅಣು ಹಿಡಿದಿರುವ ಲೈಸೀನನ್ನೋ ಹಿಸ್ಟಿಡೀನನ್ನೋ ಅಲನೀನಿಗೆ ಬದಲಿಸಿ. ಹಳದಿ ಹೋಯಿತೇ?

ಅಲ್ಲಿಂದ ಮುಂದೆ ಯೀಸ್ಟ್ ನಿಮ್ಮ ಕೈ ಹಿಡಿಯುತ್ತದೆ. ಈ ಜೀವಿಯನ್ನು ಆರಿಸಿಕೊಂಡವರ ಅದೃಷ್ಟ ಅದು. ಬದುಕಲು ತೀರಾ ಅಗತ್ಯವಲ್ಲದ ಜೀನುಗಳನ್ನು ಒಂದೊಂದಾಗಿ ತೆಗೆದ ತಳಿಗಳ ಸಂಗ್ರಹ ಸಿದ್ಧವಾಗಿಯೇ ಇದೆ. ನಿಮ್ಮ ಜೀನು ಇಲ್ಲದ ತಳಿ ತರಿಸಿ, ಹಳದಿ ಅಣುವಿನ ಗುರುತು ಹಿಡಿದು ಮಾಧ್ಯಮ ಬದಲಿಸುತ್ತಾ ಬೆಳೆಸಿ. ಬಿ6 ಆದರೆ ಬಿ6 ಇಲ್ಲದ ಮಾಧ್ಯಮ, ಫ್ಲೇವಿನ್ ಆದರೆ ಆಕ್ಸಿಡೀಕರಣದ ಒತ್ತಡ. ಕುಂಟಿದರೆ ಮೂಲ ಜೀನನ್ನು ವಾಪಸ್ ಹಾಕಿ ನೋಡಿ, ಲೈಸೀನ್ ಬದಲಿಸಿದ್ದನ್ನೂ ಹಾಕಿ ನೋಡಿ. ಮೊದಲನೆಯದು ಕೈ ಹಿಡಿದು ಎರಡನೆಯದು ಹಿಡಿಯದಿದ್ದರೆ, ನಿಮ್ಮ ಹರಳು ತೋರಿಸಿದ್ದು ಜೀವಂತ ಕೋಶದಲ್ಲೂ ನಿಜ.

ಇದೆಲ್ಲ ಒಂದೆರಡು ವರ್ಷದ ಕೆಲಸ, ಹೆದರಿಸುತ್ತಿಲ್ಲ. ಈ ವಾರಕ್ಕೆ ಸ್ಪೆಕ್ಟ್ರಮ್ ಒಂದೇ ಸಾಕು. ಗುಡ್ಡ 420ರಲ್ಲೋ 450ರಲ್ಲೋ ಬರೆದು ತಿಳಿಸಿ, ಬಫರಿನ ಹೆಸರೂ ಇರಲಿ. ಅಲ್ಲಿಯವರೆಗೆ ಆ ಟ್ಯೂಬನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿಡಿ. ಫ್ಲೇವಿನ್ ಆಗಲಿ ಬಿ6 ಆಗಲಿ, ಎರಡೂ ಬೆಳಕಿಗೆ ಕೆಡುತ್ತವೆ.